ಐವತ್ತೈದು ಡಿಗ್ರಿ

ಆ ವರ್ಷ ಟರ್ಕಿಯ ಎಸ್ಕಿಶೆಹಿರ್‌ನಲ್ಲಿ ಚಳಿ ಬೇಗ ಬಂತು. ಅಕ್ಟೋಬರ್ ಮುಗಿಯುವ ಮುಂಚೆಯೇ ರಿಫ್ಕಿಯವರ ಮನೆ ಬೆಚ್ಚಗಿಡುತ್ತಿದ್ದ ಹಳೆಯ ಗ್ಯಾಸ್ ಬಾಯ್ಲರ್ ಕೈಕೊಟ್ಟಿತು. ನೋಡಲು ಬಂದ ಸಾಮೆತ್ ಮೇಸ್ತ್ರಿ ಮುಚ್ಚಳ ತೆಗೆದು, ಒಳಗೆ ಟಾರ್ಚ್ ಬಿಟ್ಟು, ಏನೂ ಮುಟ್ಟದೆ ಮತ್ತೆ ಮುಚ್ಚಳ ಹಾಕಿದ.

"ಇದಕ್ಕೆ ಹಾಕೋ ದುಡ್ಡು ದಂಡ, ಚಿಕ್ಕಪ್ಪ. ಹೊಸದು ತಗೊಂಡುಬಿಡಿ."

ಸೊಸೆ ನುರ್ಹಾನ್ ಮಗಳ ಟ್ಯೂಷನ್ನಿಗೆಂದು ಎತ್ತಿಟ್ಟಿದ್ದ ಹಣ ಹೀಗೆ ಹೊಸ ಬಾಯ್ಲರಿಗೆ ಹೋಯಿತು. ಅವಳು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ತುಂಜಾಯ್ ಟ್ರಾಮ್ ಓಡಿಸುತ್ತಿದ್ದ. ಮಗಳು ಎಲ್ಚಿನ್‌ಗೆ ಹದಿನೇಳು, ಬರುವ ಜೂನ್‌ನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ಮಾವ ರಿಫ್ಕಿ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಬಾಯ್ಲರ್ ಕೆಲಸ ಮಾಡಿ ನಿವೃತ್ತರಾದವರು. ಅತ್ತೆ ಹಾಜೆರ್ ಆ ಮೂವತ್ನಾಲ್ಕು ವರ್ಷ ಅವರ ಮಸಿ ಬಟ್ಟೆ ಒಗೆದವರು. ನಾಲ್ಕನೇ ಮಹಡಿಯ ಮೂರು ಕೋಣೆಗಳಲ್ಲಿ ಐದು ಜನ.

ಅಡುಗೆಮನೆಯ ಹಿಂದೆ ಗಾಜು ಹಾಕಿಸಿ ಮುಚ್ಚಿದ್ದ ಬಾಲ್ಕನಿಯಲ್ಲಿ ಹೊಸ ಬಾಯ್ಲರ್ ಕೂರಿಸಿ, ಸಾಮೆತ್ ಮೇಸ್ತ್ರಿ ಕೈ ಒರೆಸಿಕೊಂಡ.

"ಹಳೇದರ ಹಾಗೆ ಇದನ್ನ ಎಪ್ಪತ್ತೈದು ಎಂಬತ್ತಕ್ಕೆ ಏರಿಸ್ಬೇಡಿ. ಐವತ್ತೈದಕ್ಕೆ ಇಟ್ಟು ಮರೆತುಬಿಡಿ. ಆರಿಸೋದು ಹಚ್ಚೋದು ಬೇಡ, ಸಣ್ಣಗೆ ಉರೀತಾನೇ ಇರ್ಲಿ."

"ಐವತ್ತೈದಾ?" ಎಂದರು ರಿಫ್ಕಿ. "ಅಷ್ಟು ಬಿಸಿಗೆ ಮೊಟ್ಟೆನೂ ಬೇಯಲ್ಲ ಕಣಯ್ಯ."

"ಮೊಟ್ಟೆ ಬೇಯಿಸೋಕಲ್ವಲ್ಲ ಚಿಕ್ಕಪ್ಪ, ಮನೆ ಬೆಚ್ಚಗಿಡೋಕೆ. ಕೋಣೆ ಕಾಯಿಸೋ ರೇಡಿಯೇಟರ್‌ಗಳಿಂದ ವಾಪಸ್ ಬರೋ ನೀರು ತಣ್ಣಗಿದ್ರೆ, ಹೊಗೇಲಿ ಹೋಗೋ ಆವಿ ಇದರೊಳಗೇ ನೀರಾಗಿ, ತನ್ನ ಬಿಸೀನ ಬಿಟ್ಟು ಹೋಗುತ್ತೆ. ನೀರು ಜಾಸ್ತಿ ಕಾದಿದ್ರೆ ಆವಿ ಆವಿಯಾಗೇ ಹೊರಗೆ. ನಿಮ್ಮ ದುಡ್ಡೂ ಅದರ ಹಿಂದೆ."

ನುರ್ಹಾನ್ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. "ಎಷ್ಟು ಉಳಿಯುತ್ತೆ?" ಎಂದಳು.

"ಹತ್ತರಲ್ಲಿ ಒಂದು ಪಾಲು ಖಂಡಿತ ಅಕ್ಕ. ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಸ್ವಲ್ಪ."

ಅವಳಿಗೆ ಅಷ್ಟು ಸಾಕಾಗಿತ್ತು. ಚಳಿಗಾಲದ ಐದು ತಿಂಗಳ ಉಳಿತಾಯದಲ್ಲಿ ಮಗಳಿಗೆ ಗಣಿತದ ಟ್ಯೂಷನ್ನಾದರೂ ಆಗುತ್ತದೆ ಎಂದು ಅವಳು ಅಲ್ಲೇ ಲೆಕ್ಕ ಹಾಕಿದಳು.

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೇ ಜಗಳ ಶುರುವಾಯಿತು. ಹಾಜೆರ್ ಅವರಿಗೆ ಚಹಾದ ಲೋಟ ಹಿಡಿದು ಕಿಟಕಿಯ ಕೆಳಗಿನ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂರುವ ಅಭ್ಯಾಸ. ಕೂತವರೇ ಎದ್ದು, ಅದರ ಮೇಲೆ ಅಂಗೈ ಇಟ್ಟು ನೋಡಿದರು.

"ಇದು ಸತ್ತಿದೆ."

"ಸತ್ತಿಲ್ಲ ಅಮ್ಮ, ಉಗುರುಬೆಚ್ಚಗಿರುತ್ತೆ ಅಷ್ಟೆ. ಮನೆ ಇಪ್ಪತ್ತೊಂದು ಡಿಗ್ರಿ ಇದೆ, ನೋಡಿ ಅಲ್ಲಿ," ಎಂದು ನುರ್ಹಾನ್ ಗೋಡೆಯ ಥರ್ಮಾಮೀಟರ್ ತೋರಿಸಿದಳು.

"ಗೋಡೆಗೆ ಇಪ್ಪತ್ತೊಂದು ಇರಬಹುದು. ನನಗಿಲ್ಲ."

"ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ."

"ಎರಡು ಹಾಕಿದೀನಿ ಮಗಳೇ. ಮೂರನೇದು ಹಾಕಿದ್ರೆ ಕೈ ಬಾಯಿಗೆ ಬರಲ್ಲ. ಊಟ ನೀನೇ ತಿನ್ನಿಸಬೇಕಾಗುತ್ತೆ."

ಎಲ್ಚಿನ್ ಆಲಿವ್ ಬೀಜ ತಟ್ಟೆಗೆ ಉಗಿದು ನಕ್ಕಳು. ತುಂಜಾಯ್ ಬ್ರೆಡ್ಡಿನ ಮೇಲೆ ಚೀಸ್ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಡ್ಯೂಟಿಗೆ ಹೊರಟ. ಮನೆಯಲ್ಲಿ ಇಬ್ಬರು ಹೆಂಗಸರ ಮಾತು ಏರಿದಾಗಲೆಲ್ಲ ಅವನಿಗೆ ಟ್ರಾಮಿನ ಸಮಯ ನೆನಪಾಗುತ್ತಿತ್ತು.

ಮುಂದಿನ ಎರಡು ವಾರ ಬಾಲ್ಕನಿಯಲ್ಲಿ ಒಂದು ಮೂಕ ಯುದ್ಧ ನಡೆಯಿತು. ನುರ್ಹಾನ್ ಬೆಳಿಗ್ಗೆ ಆರೂವರೆಗೆ ಕಾರ್ಖಾನೆಯ ಬಸ್ ಹತ್ತಿದ ಮೇಲೆ ಅತ್ತೆ ಹೋಗಿ ಗುಂಡಿ ತಿರುಗಿಸಿ ಎಪ್ಪತ್ತೈದು ಮಾಡುತ್ತಿದ್ದರು. ಸಂಜೆ ನಾಲ್ಕಕ್ಕೆ ಬಂದ ನುರ್ಹಾನ್ ಕೋಟೂ ಬಿಚ್ಚದೆ ಹೋಗಿ ಐವತ್ತೈದು ಮಾಡುತ್ತಿದ್ದಳು. ಒಂದು ದಿನ ಇಬ್ಬರೂ ಅಲ್ಲೇ ಎದುರಾದರು.

"ಮೊಮ್ಮಗಳ ಓದಿಗಿಂತ ನಿಮ್ಮ ಬೆನ್ನು ಹೆಚ್ಚಾಯ್ತಾ ಅಮ್ಮ?"

ಹಾಜೆರ್ ಶಾಲಿನ ತುದಿ ಎಳೆದುಕೊಂಡು, "ನನ್ನ ಬೆನ್ನಿಗೆ ಓದು ಬರಲ್ಲ," ಎಂದು ಒಳಗೆ ಹೋದರು.

ಮಾವ ಮೊದಲು ಹೆಂಡತಿಯ ಪಕ್ಷವೇ ಇದ್ದರು. ಅವರನ್ನು ಬದಲಿಸಿದ್ದು ಬಾಯ್ಲರಿನ ಕೆಳಗಿದ್ದ ಸಣ್ಣ ಪ್ಲಾಸ್ಟಿಕ್ ಕೊಳವೆ. ಐವತ್ತೈದಕ್ಕೆ ಇಟ್ಟ ದಿನ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಎಪ್ಪತ್ತೈದಕ್ಕೆ ಇಟ್ಟರೆ ಒಣಗಿರುತ್ತಿತ್ತು. ಅವರು ಕೊಳವೆಯ ಬಾಯಿಗೆ ಒಂದು ಬಾಟಲಿ ಹಿಡಿಸಿ, ಸ್ಟೂಲ್ ಹಾಕಿಕೊಂಡು ಕೂತರು. ಸಂಜೆ ಬಾಟಲಿ ತುಂಬಿದಾಗ ಅದನ್ನು ಊಟದ ಮೇಜಿನ ಮೇಲೆ, ಸೂಪಿನ ಪಾತ್ರೆಯ ಪಕ್ಕ ತಂದಿಟ್ಟರು.

"ಇದು ಬೆಳಿಗ್ಗೆ ಹೊಗೆಯಾಗಿತ್ತು," ಎಂದರು. ಮುಖ ಅರಳಿತ್ತು. "ನಮ್ಮ ಕಾಲದ ಎಂಜಿನ್‌ಗಳು ಇದನ್ನೆಲ್ಲ ಆಕಾಶಕ್ಕೆ ಬಿಡ್ತಿದ್ವು. ಆ ಹುಡುಗ ಹೇಳಿದ್ದು ಸರಿ. ಐವತ್ತೈದೇ ಸರಿ."

"ಊಟದ ಮೇಜಿಂದ ಅದನ್ನ ತೆಗೀರಿ," ಎಂದರು ಹಾಜೆರ್.

"ನಿನಗೆ ಅರ್ಥ ಆಗಲ್ಲ ಬಿಡು ಹಾಜೆರ್."

"ನಿಮಗೆ ಬಾಯ್ಲರ್ ಅರ್ಥ ಆಗುತ್ತೆ. ಸಾಕಲ್ವಾ."

ಮರುದಿನ ರಿಫ್ಕಿ ಗುಂಡಿಯ ಮೇಲೆ ಅಡ್ಡಲಾಗಿ ಟೇಪ್ ಅಂಟಿಸಿದರು. ಹೊರಗೆ ಸೊನ್ನೆಗಿಂತ ಹತ್ತು ಕೆಳಗೆ ಹೋದ ದಿನ ಮಾತ್ರ ಅರವತ್ತು, ಉಳಿದಂತೆ ಐವತ್ತೈದು ಎಂದು ಮನೆಗೆಲ್ಲ ಹೇಳಿದರು. ಮಾವ ತನ್ನ ಕಡೆ ಬಂದದ್ದು ನುರ್ಹಾನ್‌ಗೆ ಹಬ್ಬವಾಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಆ ಮನೆಯಲ್ಲಿ ಅವಳ ಮಾತು ನಡೆದಿತ್ತು. ನವೆಂಬರ್ ತಿಂಗಳ ಗ್ಯಾಸಿನ ಬಿಲ್ ಬಂದಾಗ ಅವಳು ಅದನ್ನು ಹಿಂದಿನ ವರ್ಷದ ಬಿಲ್ಲಿನ ಜೊತೆ ಇಟ್ಟು ಎಲ್ಲರಿಗೂ ತೋರಿಸಿದಳು. ಎಲ್ಚಿನ್ ವಾರಕ್ಕೆರಡು ದಿನ ಗಣಿತಕ್ಕೆ ಹೋಗತೊಡಗಿದಳು.

ಡಿಸೆಂಬರ್‌ನಲ್ಲಿ ಹಾಜೆರ್ ಇನ್ನೂ ಗೊಣಗುತ್ತಿದ್ದರು. ಮಧ್ಯಾಹ್ನವೂ ರಜಾಯಿ ಹೊದ್ದು ಸೋಫಾದ ಮೇಲೆ ಮುದುಡಿರುತ್ತಿದ್ದರು. ಸಂತೆಗೆ ಹೋಗಿ ಬಂದರೆ ಎರಡನೇ ಮಹಡಿಯ ಮೆಟ್ಟಿಲಲ್ಲಿ ಕೂತು, ಅಲ್ಲಿನ ಮನೆಯವರನ್ನು ಮಾತಿಗೆಳೆದು ಸುಧಾರಿಸಿಕೊಂಡು ಬರುತ್ತಿದ್ದರು. ಮಾತಿನ ಚಪಲ ಎಂದುಕೊಂಡರು ಮನೆಯವರು. ಜೇಬಿನಲ್ಲಿ ಹಿಡಿ ಅಕ್ಕಿ ಇಟ್ಟುಕೊಂಡು ಹಸಿಯಾಗಿಯೇ ಕಟಕಟ ಅಗಿಯುವುದನ್ನು ಹೊಸದಾಗಿ ಕಲಿತಿದ್ದರು.

"ಅಜ್ಜಿ, ಪಾರಿವಾಳಗಳಿಗೂ ಸ್ವಲ್ಪ ಉಳಿಸಿ," ಎನ್ನುತ್ತಿದ್ದಳು ಎಲ್ಚಿನ್.

"ಪಾರಿವಾಳಕ್ಕೆ ರೆಕ್ಕೆ ಇದೆ. ಬೆಚ್ಚಗಿರೋ ಊರಿಗೆ ಹಾರಿ ಹೋಗುತ್ತೆ. ನನಗಿರೋದು ಇದೊಂದು ಚಟ."

"ಹಲ್ಲು ಮುರಿಯುತ್ತೆ ಅಮ್ಮ," ಎಂದಳು ನುರ್ಹಾನ್.

"ಮುರಿದ್ರೆ ಹಲ್ಲು ಕಟ್ಟಿಸೋ ದುಡ್ಡು ಬಾಯ್ಲರ್‌ನಲ್ಲಿ ಉಳೀತಿದ್ಯಲ್ಲ."

ಈ ಮಾತಿಗೆ ಎಲ್ಲರೂ ನಕ್ಕರು. ನುರ್ಹಾನ್ ಕೂಡ.

ಹೊಸ ವರ್ಷ ಬಂದ ಮೇಲೆ ಹಾಜೆರ್ ಚಳಿಯ ಮಾತು ಎತ್ತುವುದನ್ನೇ ಬಿಟ್ಟರು. ಗುಂಡಿಯ ಮೇಲಿನ ಟೇಪನ್ನು ಯಾರೂ ಮುಟ್ಟಲಿಲ್ಲ. "ಅಭ್ಯಾಸ ಆಯ್ತು ನೋಡಿ ಅವರಿಗೂ," ಎಂದು ನುರ್ಹಾನ್ ಗಂಡನಿಗೆ ಹೇಳಿದಳು. ತುಂಜಾಯ್ ತಲೆಯಾಡಿಸಿದ. ಮನೆ ಶಾಂತವಾಗಿತ್ತು.

ಜನವರಿಯ ಮೂರನೇ ಭಾನುವಾರ ಹಾಜೆರ್ ಗಸಗಸೆ ರೊಟ್ಟಿ ಮಾಡಲು ಹಿಟ್ಟು ಕಲಸತೊಡಗಿದರು. ಹುರಿದು ಅರೆದ ಗಸಗಸೆಯನ್ನು ಹಿಟ್ಟಿನ ಪದರಗಳ ನಡುವೆ ಸವರಿ ಸುತ್ತುವ ಆ ರೊಟ್ಟಿ ತುಂಜಾಯ್‌ಗೆ ಪ್ರಾಣ. ನುರ್ಹಾನ್ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಮಗಳೇ, ಇದನ್ನ ಸ್ವಲ್ಪ ನೀನು ನಾದ್ತೀಯಾ?"

ಅತ್ತೆ ತಮ್ಮ ಹಿಟ್ಟಿಗೆ ಇನ್ನೊಬ್ಬರ ಕೈ ಹಾಕಗೊಡುವವರಲ್ಲ. ನುರ್ಹಾನ್ ಆಶ್ಚರ್ಯದಿಂದ ತಿರುಗಿದಳು. ಹಾಜೆರ್ ಬೋಗುಣಿಯ ಅಂಚು ಹಿಡಿದು ನಿಂತಿದ್ದರು. ಮೊಣಕೈವರೆಗೆ ಸ್ವೆಟರಿನ ತೋಳು ಮಡಿಸಿದ್ದರು. ಆ ಕೈ ಹಿಟ್ಟಿನ ಬಣ್ಣಕ್ಕೇ ಇತ್ತು. ಹಿಟ್ಟು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ.

"ಏನಾಯ್ತು ಅಮ್ಮ?"

"ಏನಿಲ್ಲ, ಒಂದು ಗಳಿಗೆ ಕೂತ್ಕೋತೀನಿ," ಎಂದು ಅವರು ಕುರ್ಚಿಗೆ ಕೈ ಚಾಚಿದರು. ಕುರ್ಚಿ ಕೈಗೆ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. ಹನ್ನೆರಡರ ಮೇಲಿರಬೇಕಾದ ಹಿಮೋಗ್ಲೋಬಿನ್ ಆರಕ್ಕೂ ಕೆಳಗಿತ್ತು.

"ಇಷ್ಟರಲ್ಲಿ ಇವರು ಓಡಾಡ್ತಿದ್ರಾ?"

"ರೊಟ್ಟಿ ಮಾಡ್ತಿದ್ರು," ಎಂದಳು ನುರ್ಹಾನ್.

"ಸುಸ್ತು ಅಂತಿದ್ರಾ? ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ವಾ? ಅಕ್ಕಿ, ಮಣ್ಣು, ಐಸ್, ಏನಾದ್ರೂ ತಿನ್ನೋ ಚಪಲ?"

ನುರ್ಹಾನ್ "ಅಕ್ಕಿ," ಎಂದಳು.

"ಚಳಿ? ತುಂಬ ಚಳಿ ಅಂತ ಹೇಳ್ತಿದ್ರಾ?"

ಪಕ್ಕದಲ್ಲಿ ನಿಂತಿದ್ದ ಮಾವ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಡಾಕ್ಟರಮ್ಮ ಮತ್ತೆ ಕೇಳಿದರು, "ಎಷ್ಟು ದಿನದಿಂದ?"

"ಹೊಸ ಬಾಯ್ಲರ್ ಬಂದಾಗಿನಿಂದ," ಎಂದರು ರಿಫ್ಕಿ.

ಕರುಳಿನಲ್ಲಿ ಗಡ್ಡೆಯಿತ್ತು. ಅದು ಬೇಸಿಗೆಯಿಂದಲೂ ಕಣ್ಣಿಗೆ ಕಾಣದ ಹಾಗೆ ರಕ್ತ ಸೋರಿಸುತ್ತಿತ್ತು. ಯಕೃತ್ತಿಗೂ ಹಬ್ಬಿ ಆಗಿತ್ತು. ಮೂರ್ನಾಲ್ಕು ತಿಂಗಳ ಮುಂಚೆ ಬಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ತುಂಜಾಯ್ ಕೇಳಿದ. ಡಾಕ್ಟರಮ್ಮ ಒಳ್ಳೆಯವರು. "ಅದನ್ನ ಈಗ ಯಾರೂ ಹೇಳೋಕಾಗಲ್ಲ," ಎಂದರು. ಕಾರಿಡಾರಿನ ಬೆಂಚಿನ ಮೇಲೆ ಕೂತ ರಿಫ್ಕಿ ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು.

"ಮೂವತ್ನಾಲ್ಕು ವರ್ಷ ಒಳಗೆ ಎಲ್ಲಿ ಸೋರ್ತಿದೆ ಅಂತ ಹುಡುಕೋದೇ ನನ್ನ ಕೆಲಸ ಆಗಿತ್ತು ಮಗಳೇ," ಎಂದರು. "ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಹೇಳ್ತಿದ್ದೆ."

ಎರಡು ಬಾಟಲಿ ರಕ್ತ ಕೊಟ್ಟು ನಾಲ್ಕನೇ ದಿನ ಮನೆಗೆ ಕಳಿಸಿದರು. ಅಂದು ಹಾಜೆರ್ ಕೆನ್ನೆಯಲ್ಲಿ ಬಣ್ಣವಿತ್ತು. ತಮ್ಮ ಜಾಗಕ್ಕೆ ಹೋಗಿ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತು, ಅದರ ಮೇಲೆ ಅಂಗೈ ಇಟ್ಟರು.

"ಇವತ್ತು ಮನೆ ಬೆಚ್ಚಗಿದೆ. ಜಾಸ್ತಿ ಮಾಡಿದ್ಯಾ?"

ಆಸ್ಪತ್ರೆಯ ಓಡಾಟದಲ್ಲಿ ಬಾಯ್ಲರ್ ಕಡೆ ಯಾರೂ ಹೋಗಿರಲಿಲ್ಲ. ಅದು ಐವತ್ತೈದರಲ್ಲೇ ಇತ್ತು.

"ಹೌದಮ್ಮ," ಎಂದಳು ನುರ್ಹಾನ್. "ಎಪ್ಪತ್ತೈದು ಮಾಡಿದೀನಿ."

"ಮತ್ತೆ ಮಗು ಟ್ಯೂಷನ್ನು?"

"ಅದು ನಡೆಯುತ್ತೆ ಬಿಡಿ."

"ಅಲ್ಲ, ಸ್ವಲ್ಪ ಇಳಿಸು. ನನಗೆ ಇಷ್ಟು ಬೇಡ." ಹಾಜೆರ್ ಲೋಟದಲ್ಲಿ ಸಕ್ಕರೆ ಕದಡುತ್ತ ನಕ್ಕರು. "ಚಳಿಗೆ ಆ ಬಾಯ್ಲರ್ರೇ ಕಾರಣ ಅಂತ ನಾನೂ ಅಂದ್ಕೊಂಡಿದ್ದೆ ನೋಡು. ಸುಮ್ನೆ ನಿನ್ನ ಮೇಲೆ ಹಾರಾಡ್ದೆ. ಮನಸ್ಸಿಗೆ ಹಚ್ಕೋಬೇಡ."

ನುರ್ಹಾನ್ ತರಕಾರಿ ಹೆಚ್ಚಬೇಕು ಎಂದು ಅಡುಗೆಮನೆಗೆ ಹೋದಳು. ಕಣ್ಣೀರಿಗೆ ನೆಪವಾಗಲು ಈರುಳ್ಳಿ ಇರಲಿಲ್ಲ. ಸುಮ್ಮನೆ ಹಲಗೆಯ ಮುಂದೆ ನಿಂತಳು. ಅತ್ತೆ ಬೈದಿದ್ದರೆ ಎದುರುತ್ತರ ಕೊಟ್ಟಾದರೂ ಬದುಕಬಹುದಿತ್ತು.

ಹೊಸ ರಕ್ತ ತಂದ ಆ ಬಿಸಿ ಎಂಟು ದಿನ ಇತ್ತು. ಆಮೇಲೆ ಹೋಯಿತು. ಮತ್ತೆ ರಕ್ತ ಕೊಟ್ಟರು, ಅದು ಐದೇ ದಿನ ಉಳಿಯಿತು. ಫೆಬ್ರವರಿಯ ಹಿಮದ ವಾರದಲ್ಲಿ ಹಾಜೆರ್ ಎರಡು ರಜಾಯಿಗಳ ಕೆಳಗೂ ನಡುಗುತ್ತಿದ್ದರು. ರಿಫ್ಕಿ ತಾವೇ ಅಂಟಿಸಿದ್ದ ಟೇಪ್ ಕಿತ್ತು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ರೇಡಿಯೇಟರ್‌ಗಳು ಕೈ ಸುಡತೊಡಗಿದವು. ಕಿಟಕಿಯ ಮೇಲಿನ ಮಣ್ಣಿನ ಕುಂಡದ ಗಿಡ ಒಣಗಿತು. ತುಂಜಾಯ್ ಬನಿಯನ್ನಿನಲ್ಲಿ ಬೆವರುತ್ತ ತಾಯಿಯ ಕಾಲು ತಿಕ್ಕಿದ. ಎಲ್ಚಿನ್ ಪುಸ್ತಕ ಬಿಟ್ಟು, ಅಜ್ಜಿಯ ಬೆನ್ನಿಗೆ ತನ್ನ ಎದೆ ಒತ್ತಿ ಅದೇ ಹಾಸಿಗೆಯಲ್ಲಿ ಮಲಗಿದಳು. ನುರ್ಹಾನ್ ಕಾರ್ಖಾನೆಗೆ ಸಂಬಳವಿಲ್ಲದ ರಜೆ ಹಾಕಿ, ಒಂದು ಗಂಟೆಗೊಮ್ಮೆ ಬಿಸಿನೀರಿನ ರಬ್ಬರ್ ಚೀಲ ಬದಲಿಸುತ್ತಿದ್ದಳು.

"ಸೆಕೆ ಆಗ್ತಿಲ್ವೇ ನಿಮಗೆಲ್ಲ?" ಎಂದು ಹಾಜೆರ್ ಕೇಳಿದರು. ಹಲ್ಲು ಕಟಕಟ ಎನ್ನುತ್ತಿತ್ತು.

"ಇಲ್ಲಮ್ಮ. ಚೆನ್ನಾಗಿದೆ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ. ಮೂಗಿನ ತುದಿಯಿಂದ ಬೆವರು ಬೀಳ್ತಿದೆ." ರಜಾಯಿಯನ್ನು ಕತ್ತಿನವರೆಗೆ ಎಳೆದುಕೊಂಡು, "ನುರ್ಹಾನ್, ಬಾಯ್ಲರ್ ಇಳಿಸು. ದಂಡಕ್ಕೆ ಉರೀತಿದೆ," ಎಂದರು.

ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಮಾರ್ಚ್ ಎರಡನೇ ವಾರ, ಒಂದು ಶುಕ್ರವಾರದ ಬೆಳಿಗ್ಗೆ, ಚಹಾ ಕುದಿಯುತ್ತಿರುವಾಗ ಹಾಜೆರ್ ತೀರಿಕೊಂಡರು. ರಿಫ್ಕಿ ಪಕ್ಕದಲ್ಲೇ ಇದ್ದರು.

ಹೆಣ ತೊಳೆಯುವ ಮನೆಯಲ್ಲಿ ಹೆಂಗಸರನ್ನು ತೊಳೆಯುವ ಮುದುಕಿ ನುರ್ಹಾನ್ ಕೈಗೆ ತಂಬಿಗೆ ಕೊಟ್ಟಳು. "ನೀನು ಹುಯ್ಯಿ ಮಗಳೇ, ನಾನು ತೊಳೀತೀನಿ. ನೀರು ಮುಟ್ಟಿ ನೋಡು, ಹದ ಇದ್ಯಾ?"

ನುರ್ಹಾನ್ ಬಕೆಟಿಗೆ ಬೆರಳು ಅದ್ದಿದಳು. "ಇನ್ನೂ ಸ್ವಲ್ಪ ಬಿಸಿ ಬೆರೆಸಿ. ಅವರಿಗೆ ಚಳಿ ಜಾಸ್ತಿ," ಎಂದಳು.

ಮುದುಕಿ ಅವಳ ಮುಖ ನೋಡಿ, ಬಿಸಿನೀರಿನ ನಲ್ಲಿ ತಿರುಗಿಸಿದಳು.

ಏಳನೇ ದಿನ ಮನೆಯಲ್ಲಿ ಪ್ರಾರ್ಥನೆ ಓದಿಸಿದರು. ರವೆ ಹಲ್ವ ಮಾಡಿದ್ದರು. ನೆರೆಹೊರೆಯ ಹೆಂಗಸರು ಬಂದು ಸಾಲಾಗಿ ಕೂತರು. ಹೊರಗೆ ಹಿಮ ಕರಗಿ ಬಿಸಿಲು ಬಂದಿತ್ತು. ಒಬ್ಬರು ತಲೆವಸ್ತ್ರ ಸಡಿಲಿಸಿಕೊಂಡರು, ಇನ್ನೊಬ್ಬರು ತಟ್ಟೆಯಿಂದ ಗಾಳಿ ಹಾಕಿಕೊಂಡರು. "ಏನಮ್ಮ ಇಷ್ಟು ಸೆಕೆ, ಉಸಿರು ಕಟ್ಟುತ್ತೆ," ಎಂದು ಮೂರನೆಯವರು ಕಿಟಕಿ ತೆಗೆದರು.

ನುರ್ಹಾನ್ ಬಾಲ್ಕನಿಗೆ ಹೋದಳು. ರಿಫ್ಕಿ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಬಾಯ್ಲರ್ ಇನ್ನೂ ಕೊನೆಯ ಗುರುತಿನಲ್ಲೇ ಉರಿಯುತ್ತಿತ್ತು.

"ಹೆಂಗಸರು ಸೆಕೆ ಅಂತಿದಾರೆ ಅಪ್ಪ."

"ಐವತ್ತೈದು ಮಾಡು."

ಅವಳು ಗುಂಡಿಯ ಮೇಲೆ ಕೈ ಇಟ್ಟು ಹಾಗೇ ನಿಂತಳು.

"ನೀನು ಹೇಳಿದ್ದೇ ಸರಿ ಇತ್ತು ಮಗಳೇ. ಈ ಮನೆಗೆ ಐವತ್ತೈದು ಸಾಕು."

"ಹಾಗನ್ನಬೇಡಿ ಅಪ್ಪ."

"ಸರಿ ಇದ್ದದ್ದನ್ನ ಏನನ್ನಲಿ?"

"ಅವರು ಚಳಿ ಅಂದಾಗಲೆಲ್ಲ ನಾನು ಗೋಡೆ ಕಡೆ ನೋಡ್ದೆ. ಅವರ ಕಡೆ ನೋಡ್ಲಿಲ್ಲ."

ರಿಫ್ಕಿ ಎದ್ದು ಬಂದು ಅವಳ ಕೈಯನ್ನು ಗುಂಡಿಯಿಂದ ಮೆಲ್ಲಗೆ ಸರಿಸಿ, ತಾವೇ ತಿರುಗಿಸಿದರು. "ನಾನು ಬಾಟಲಿ ಕಡೆ ನೋಡ್ದೆ," ಎಂದರು.

ಏಪ್ರಿಲ್‌ನ ಮೊದಲ ದಿನಗಳಲ್ಲಿ ನುರ್ಹಾನ್ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಎಲ್ಚಿನ್ ಮತ್ತೆ ಪುಸ್ತಕ ಹಿಡಿದಳು. ತುಂಜಾಯ್ ಈಗ ಊಟ ಮುಗಿಯುವ ಮುಂಚೆ ಮೇಜಿನಿಂದ ಏಳುತ್ತಿರಲಿಲ್ಲ. ಒಂದು ಭಾನುವಾರ ನಾಲ್ವರೂ ಬೆಳಗಿನ ತಿಂಡಿಗೆ ಕೂತಿದ್ದರು. ನುರ್ಹಾನ್ ಚಹಾ ಬಗ್ಗಿಸುತ್ತಿದ್ದಳು.

"ಇವತ್ತು ಯಾಕೋ ಸ್ವಲ್ಪ ಚಳಿ," ಎಂದರು ರಿಫ್ಕಿ.

ಎಲ್ಚಿನ್ ಕೈಯಲ್ಲಿದ್ದ ಬ್ರೆಡ್ಡಿನ ತುಂಡು ಬಾಯಿಗೆ ಹೋಗಲಿಲ್ಲ. ತುಂಜಾಯ್ ಚಮಚ ಕೆಳಗಿಟ್ಟ. ಮೂವರೂ ಅವರನ್ನೇ ನೋಡಿದರು.

"ಏನಿಲ್ಲಪ್ಪ," ಎಂದರು ರಿಫ್ಕಿ, ಗಾಬರಿಯಾಗಿ. "ಹಿಂದಿನ ಕಿಟಕಿ ತೆಗೆದಿದೆ. ಗಾಳಿ ಬರ್ತಿದೆ, ಅಷ್ಟೆ."

ನುರ್ಹಾನ್ ಚಹಾದ ಪಾತ್ರೆ ಕೆಳಗಿಟ್ಟು, ಮೇಜು ಬಳಸಿ ಬಂದು, ಮಾವನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಉಗುರು ನೋಡಿದಳು, ಅಂಗೈ ತಿರುಗಿಸಿ ನೋಡಿದಳು, ಕೆಳರೆಪ್ಪೆ ಎಳೆದು ಕಣ್ಣು ನೋಡಿದಳು. ಕೈಗಳು ಬೆಚ್ಚಗಿದ್ದವು. ಆದರೂ ಚಹಾ ಆರುವವರೆಗೆ ಅವಳು ಅವನ್ನು ಬಿಡಲಿಲ್ಲ, ರಿಫ್ಕಿಯವರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.